ಪುಟ್ಟನ ಅರ್ಜಿಯ ಪಾಸ್‌ವರ್ಡ್

ಮಾಗ್ಡೆಬುರ್ಗ್, ಜರ್ಮನಿ
12-4-2026, ಭಾನುವಾರ

ಅಪ್ಪ ಅಮ್ಮನಿಗೆ ನಮಸ್ಕಾರಗಳು.

ನಾನು ಇಲ್ಲಿ ಚೆನ್ನಾಗಿದ್ದೇನೆ. ಚಳಿ ಇಳಿದಿದೆ. ಅಮ್ಮ ಕಟ್ಟಿಕೊಟ್ಟ ಹುರುಳಿಕಾಳು ಇನ್ನೂ ಅರ್ಧ ಡಬ್ಬ ಇದೆ, ಸಾರಿನ ಪುಡಿ ಮಾತ್ರ ಮುಗಿಯಿತು.

ದಿನಾ ಫೋನ್ ಮಾಡುವವಳು ಇದೇನು ಕಾಗದ ಬರೆದಿದ್ದಾಳೆ ಅನ್ನಿಸಬಹುದು. ಇದನ್ನು ಫೋನಿನಲ್ಲಿ ಹೇಳಿದರೆ ಅಪ್ಪ ಅರ್ಧ ಕೇಳಿಸಿಕೊಂಡು ಬೈಕ್ ಹತ್ತಿ ಹಾಸನಕ್ಕೆ ಹೊರಟುಬಿಡುತ್ತಾರೆ. ಪೂರ್ತಿ ಓದಿ, ಆಮೇಲೆ ಹೊರಡಿ.

ತಮ್ಮ ಪುಟ್ಟ ಇಲ್ಲಿಗೆ ಓದಲು ಬರುವ ಅರ್ಜಿಗೂ, ನನ್ನ ಅರ್ಜಿ ಹಾಕಿದ ಹಾಸನದ ಅದೇ ಕನ್ಸಲ್ಟೆನ್ಸಿಗೆ ಅಡ್ವಾನ್ಸ್ ಕೊಟ್ಟಿದ್ದೀರಿ ಅಂತ ಅಮ್ಮ ಹೇಳಿದಾಗಿನಿಂದ ನನಗೆ ಸಮಾಧಾನ ಇಲ್ಲ. ಹೋದ ವರ್ಷ ನಡೆದದ್ದನ್ನು ನಿಮಗೆ ಹೇಳಿರಲಿಲ್ಲ. ನೀವು ಬ್ಲಾಕ್ಡ್ ಅಕೌಂಟ್‌ಗೆ, ಅಂದರೆ ವೀಸಾಕ್ಕೆ ಅಂತ ಇಲ್ಲಿನ ಒಂದು ವರ್ಷದ ಖರ್ಚನ್ನು ಮೊದಲೇ ಇಡಬೇಕಾದ ಖಾತೆಗೆ, 11,904 ಯೂರೋ ಹೊಂದಿಸಲು ಬ್ಯಾಂಕು, ಸೊಸೈಟಿ ಅಂತ ಓಡಾಡುತ್ತಿದ್ದಿರಿ. ಅದರ ಮೇಲೆ ಇದೂ ಬೇಡ ಅಂತ ಮುಚ್ಚಿಟ್ಟೆ.

ಜೂನ್ ಕೊನೆಯಲ್ಲಿ ಆ ಕನ್ಸಲ್ಟೆಂಟ್ 'ಎಲ್ಲಾ ಸಬ್ಮಿಟ್ ಆಗಿದೆ, ಆರಾಮಾಗಿರಿ' ಅಂದಿದ್ದರು. ಬ್ಯಾಂಕಿನವರು ಅರ್ಜಿಯ ರಸೀದಿ ಕೇಳಿದರಲ್ಲ, ಅದಕ್ಕೆ ನಾನು ಲಾಗಿನ್ ಈಸಿಕೊಂಡೆ. ಹಾಸನದಿಂದ ದುದ್ದಕ್ಕೆ ಬರುವ ಬಸ್ಸಿನಲ್ಲಿ ಫೋನಿನಲ್ಲೇ ತೆರೆದು ನೋಡಿದೆ. ಕೈಕಾಲು ತಣ್ಣಗಾಯಿತು.

ಒಂದೇ ಥರದ ಹೆಸರಿನ ಎರಡು ಕೋರ್ಸ್ ಇದ್ದವು. ಒಂದನ್ನು ಇಂಗ್ಲಿಷಿನಲ್ಲಿ ಕಲಿಸುತ್ತಾರೆ, ಇನ್ನೊಂದನ್ನು ಜರ್ಮನ್‌ನಲ್ಲಿ. ಅವರು ಜರ್ಮನ್‌ದಕ್ಕೆ ಹಾಕಿದ್ದರು. ಆಗ ನನಗೆ ಬರುತ್ತಿದ್ದ ಜರ್ಮನ್ ಅಂದರೆ 'ಗುಟೆನ್ ಮೊರ್ಗೆನ್' ಒಂದೇ! ಆಮೇಲೆ ನನ್ನ ಬಗ್ಗೆ ನಾನೇ ಬರೆಯಬೇಕಾದ ಪತ್ರ ಇರುತ್ತದಲ್ಲ, ಎಸ್‌ಒಪಿ, ಅದರಲ್ಲಿ ನಾನು ಪುಣೆಯಲ್ಲಿ ಹುಟ್ಟಿ ಬೆಳೆದಿದ್ದೆ. ಬೇರೆ ಯಾರದೋ ಪತ್ರಕ್ಕೆ ನನ್ನ ಹೆಸರು ಅಂಟಿಸಿದ್ದರು.

ಎಲ್ಲಕ್ಕಿಂತ ಕೆಟ್ಟದ್ದು ಇಮೇಲ್. ನನ್ನ ಇಮೇಲ್ ಇರಬೇಕಾದ ಜಾಗದಲ್ಲಿ ಅವರ ಆಫೀಸಿನದು ಇತ್ತು. ಇಲ್ಲಿನ ಬಹಳಷ್ಟು ವಿಶ್ವವಿದ್ಯಾಲಯಗಳು ಹೊರದೇಶದವರ ಅರ್ಜಿಯನ್ನು ಮೊದಲು ಪರೀಕ್ಷಿಸುವ ಕೆಲಸವನ್ನು ಬರ್ಲಿನ್ನಿನ ಯೂನಿ-ಅಸಿಸ್ಟ್ ಅನ್ನುವ ಸಂಸ್ಥೆಗೆ ಬಿಟ್ಟಿವೆ. ಅವರು 'ಪಾಸ್‌ಪೋರ್ಟಿನ ಹೆಸರಿಗೂ ಅರ್ಜಿಯ ಹೆಸರಿಗೂ ತಾಳೆ ಇಲ್ಲ' ಅಂತ ಕೇಳಿ ಒಂಬತ್ತು ದಿನ ಆಗಿತ್ತು. ಅದನ್ನು ಯಾರೂ ತೆರೆದೇ ಇರಲಿಲ್ಲ.

ಹೆಸರಿನ ಕಥೆ ನಿಮಗೂ ಗೊತ್ತಿರಲಿ, ಪುಟ್ಟನಿಗೂ ಇದೇ ಬರುತ್ತದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಬರೀ ಇನಿಶಿಯಲ್. ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಸರ್‌ನೇಮ್ ಜಾಗದಲ್ಲಿ ಊರಿನ ಹೆಸರು, ಅಪ್ಪನ ಹೆಸರು ಎರಡೂ ಬಂದಿವೆ. ಕನ್ಸಲ್ಟೆಂಟ್ ಅಲ್ಲೂ ಎರಡು ಅಕ್ಷರ ಕುಟ್ಟಿ ಕೈ ತೊಳೆದುಕೊಂಡಿದ್ದರು. (ಇಲ್ಲಿ ಆಫೀಸಿನವರು ನನ್ನನ್ನು 'ಫ್ರಾವ್ ದುದ್ದ' ಅನ್ನುತ್ತಾರೆ. ಶ್ರೀಮತಿ ದುದ್ದ! ಇಡೀ ಊರಿಗೇ ಮರ್ಯಾದೆ ಕೊಟ್ಟ ಹಾಗೆ.) ಅಪ್ಪ, ಅವತ್ತು ಮಳೆಯಲ್ಲಿ ಕೋರ್ಟ್ ಹತ್ತಿರ ನೋಟರಿ ಹುಡುಕಿಕೊಂಡು ಹೋಗಿ, ಎರಡೂ ಹೆಸರು ಒಬ್ಬಳದೇ ಅಂತ ಅಫಿಡವಿಟ್ ಮಾಡಿಸಿದ್ದಿರಲ್ಲ, ಅದು ಇದಕ್ಕೇ. ಎಲ್ಲರೂ ಮಾಡಿಸುತ್ತಾರೆ ಅಂತ ಸುಳ್ಳು ಹೇಳಿದ್ದೆ.

ಮಾರನೇ ದಿನ ಅವರ ಆಫೀಸಿಗೆ ಹೋದೆ. ಜಗಳ ಆಡಬೇಕು ಅಂತಲೇ ಹೋಗಿದ್ದು. ಮೇಜಿನ ಮೇಲೆ ಮೊಣಕೈಯುದ್ದ ಫೈಲು, ಹೊರಗೆ ಕಾಯುತ್ತಿದ್ದ ತಂದೆತಾಯಿಯರು. 'ಏನೂ ಆಗಲ್ಲ, ಅಡ್ಮಿಷನ್ ಆದ ಮೇಲೆ ಸರಿ ಮಾಡಿಸೋಣ' ಅಂದರು. ಆಗ ಅರ್ಥವಾಯಿತು, ಇವರ ಹತ್ತಿರ ಕೂಗಾಡಿದರೆ ನನ್ನದೇ ದಿನ ಹಾಳು. ಜುಲೈ 15ಕ್ಕೆ ಬಾಗಿಲು ಮುಚ್ಚುತ್ತದೆ. ಪಾಸ್‌ವರ್ಡ್ ಬದಲಾಯಿಸಿ, ಇಮೇಲ್ ನನ್ನದು ಹಾಕಿಸಿ ಎದ್ದು ಬಂದೆ.

ರಾತ್ರಿ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದೆ. ಮೊದಲು ಎರಡು ಪುಟ ಬರೀ ಕನ್ಸಲ್ಟೆಂಟ್ ಮೇಲೆ ದೂರು. ಓದಿ ನೋಡಿ ಅಳಿಸಿದೆ. ಅರ್ಜಿಯ ಕೊನೆಯಲ್ಲಿ 'ಮೇಲಿನದೆಲ್ಲ ನಿಜ' ಅಂತ ಒಂದು ಟಿಕ್ ಇರುತ್ತದೆ. ಅದು ನನ್ನ ಹೆಸರಿನಲ್ಲಿ ಬಿದ್ದಿತ್ತು. ಓದದೆ 'ಕಳಿಸಿ ಸಾರ್' ಅಂದವಳು ನಾನೇ. ಐದು ಸಾಲು ಬರೆದೆ: ಅರ್ಜಿ ನಂಬರ್, ಏನು ತಪ್ಪಾಗಿದೆ, ಸರಿ ಯಾವುದು, ಜೊತೆಗೆ ಪಾಸ್‌ಪೋರ್ಟ್ ಪ್ರತಿ. ಎರಡೇ ದಿನಕ್ಕೆ ಉತ್ತರ ಬಂತು. ಯಾರು ತಪ್ಪು ಮಾಡಿದರು ಅಂತ ಅವರು ಕೇಳಲೇ ಇಲ್ಲ. ಹಾಕಿದ ಕೋರ್ಸ್ ಬದಲಾಗುವುದಿಲ್ಲ, ಸರಿಯಾದದ್ದಕ್ಕೆ ಹೊಸದಾಗಿ ಹಾಕಿ ಅಂದರು. ಮೊದಲ ಅರ್ಜಿಗೆ 75 ಯೂರೋ, ಆಮೇಲಿನ ಒಂದೊಂದಕ್ಕೂ 30. ಪುಸ್ತಕಕ್ಕೆ ಅಂತ ಮೂರು ಸಾವಿರ ಕೇಳಿದ್ದೆ, ನೆನಪಿದೆಯಾ ಅಮ್ಮ? ಅದು ಪುಸ್ತಕಕ್ಕಲ್ಲ.

ಎಸ್‌ಒಪಿ ನಾನೇ ಬರೆದೆ. ರಾತ್ರಿ ಎರಡು ಗಂಟೆಗೆ ತ್ರೀ-ಫೇಸ್ ಬಂತು ಅಂತ ಅಪ್ಪ ಟಾರ್ಚ್ ಹಿಡಿದು ಪಂಪ್‌ಸೆಟ್ ಹಾಕಲು ಹೋಗುವುದು, ನಾನು ಎಲೆಕ್ಟ್ರಿಕಲ್ ತೆಗೆದುಕೊಂಡದ್ದು, ಇಷ್ಟೇ. ಜುಲೈ 11ಕ್ಕೆ ಕಳಿಸಿದೆ. ಸೀಟು ಸಿಕ್ಕಿತು, ಆದರೆ ತಡವಾಗಿ. ಅಕ್ಟೋಬರ್‌ನಲ್ಲಿ ಶುರುವಾದ ತರಗತಿಗೆ ನಾನು ನವೆಂಬರ್‌ನಲ್ಲಿ ಬಂದದ್ದು ವೀಸಾದವರಿಂದ ಅಂತ ಬೈದಿರಿ. ಪಾಪ, ಅವರದೇನೂ ತಪ್ಪಿಲ್ಲ.

ಅಪ್ಪ, ಮೇ ತಿಂಗಳಲ್ಲಿ ಎಪಿಎಂಸಿಗೆ ಜಲಂಧರ್ ಬಿತ್ತನೆ ಆಲೂಗಡ್ಡೆ ಬಂದಾಗ ನೀವು ಮೂಟೆ ಬಿಚ್ಚಿಸದೆ ದುಡ್ಡು ಕೊಡುವುದಿಲ್ಲ. ನಾಲ್ಕು ಗಡ್ಡೆ ಕುಯ್ದು ಒಳಗೆ ಕಪ್ಪಾಗಿದೆಯಾ ನೋಡುತ್ತೀರಿ. ವ್ಯಾಪಾರಿ ಎಷ್ಟೇ ಪರಿಚಯದವನಾದರೂ. ನನ್ನ ಅರ್ಜಿಯ ಮೂಟೆಯನ್ನು ನಾವು ಯಾರೂ ಬಿಚ್ಚಲಿಲ್ಲ, ಅಲ್ವಾ?

ಆ ಮನುಷ್ಯ ಮೋಸಗಾರ ಅಂತ ನಾನು ಹೇಳುವುದಿಲ್ಲ. ವೀಸಾ ಕಾಗದ ಜೋಡಿಸಿಕೊಟ್ಟದ್ದು ಅಚ್ಚುಕಟ್ಟಾಗಿತ್ತು. ಆದರೆ ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಿಂದ ಸಾಮಾನ್ಯವಾಗಿ ಏಜೆಂಟರಿಗೆ ಕಮಿಷನ್ ಸಿಗುವುದಿಲ್ಲ, ಖಾಸಗಿಯವರಿಂದ ಸಿಗುತ್ತದೆ. ಪುಟ್ಟನಿಗೂ ಖಾಸಗಿ ಕಾಲೇಜು ತೋರಿಸಿದರೆ ಯಾಕೆ ಅಂತ ನಿಮಗೆ ತಿಳಿದಿರಲಿ. ಅಡ್ವಾನ್ಸ್ ವಾಪಸ್ ಕೇಳಲು ಹೋಗಬೇಡಿ. ವೀಸಾ ಕಾಗದದ ಕೆಲಸಕ್ಕೆ ಇಟ್ಟುಕೊಳ್ಳಲಿ. ಅರ್ಜಿ ಮಾತ್ರ ಪುಟ್ಟನೇ ತುಂಬಲಿ. ಕೋರ್ಸ್ ಯಾವ ಭಾಷೆಯಲ್ಲಿ, ಕೊನೆಯ ದಿನ ಯಾವುದು ಅಂತ ಹೊರದೇಶದ ವಿದ್ಯಾರ್ಥಿಗಳಿಗೆ ಮಾಹಿತಿ ಕೊಡುವ ಇಲ್ಲಿನ ಡಿಎಎಡಿ ಸಂಸ್ಥೆಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ನಮ್ಮ ಮಾರ್ಕ್ಸ್ ಕಾರ್ಡುಗಳು ಅಸಲಿ ಅಂತ ಪರೀಕ್ಷಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟ್‌ಗೆ 18,000 ರೂಪಾಯಿ, ಬರಲು ವಾರಗಟ್ಟಲೆ ಹಿಡಿಯುತ್ತದೆ. 2022ರ ನವೆಂಬರ್‌ನಿಂದ ಅದಿಲ್ಲದೆ ನಮ್ಮವರಿಗೆ ವಿದ್ಯಾರ್ಥಿ ವೀಸಾ ಇಲ್ಲ. ಈ ವಾರವೇ ಹಾಕಲಿ. ಸಬ್ಮಿಟ್ ಒತ್ತುವ ಮೊದಲು ನನಗೆ ಫೋನ್ ಮಾಡಲಿ. ಈಗ ನಿಮಗೂ ನನಗೂ ಮೂರೂವರೆ ಗಂಟೆಯಷ್ಟೇ ವ್ಯತ್ಯಾಸ, ರಾತ್ರಿ ಊಟ ಆದ ಮೇಲೂ ಸಿಗುತ್ತೇನೆ.

ನಾಳೆ ಅವನ ಪಾಸ್‌ಪೋರ್ಟನ್ನೂ ಎಸ್ಸೆಸ್ಸೆಲ್ಸಿ ಕಾರ್ಡನ್ನೂ ಅಕ್ಕಪಕ್ಕ ಇಟ್ಟು ಒಂದು ಫೋಟೋ ಕಳಿಸಿ ಅಪ್ಪ. ಬೆಳಕು ಚೆನ್ನಾಗಿರಲಿ, ಜಗಲಿ ಮೇಲೆ ಇಟ್ಟು ತೆಗೆಯಿರಿ.

ನಿಮ್ಮ ಮಗಳು