ಬರುವ ರವಿವಾರ ರೈಲಿನಲ್ಲಿ ಇನ್ನೊಮ್ಮೆ ಓದಿಕೊ

ಸಪ್ತಾಪುರ, ಧಾರವಾಡ
ಜೂನ್ 14

ಚಿರಂಜೀವಿ ಸಹನಾಳಿಗೆ ನಿನ್ನ ಮಾಮನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಮಿರಗ, ಅಂದರೆ ಮೃಗಶಿರ ಮಳೆ, ಕೂಡಿ ವಾರವಾಯಿತು, ಇಲ್ಲಿ ಎರಡು ಸಲ ಹದವಾಗಿ ಮಳೆ ಸುರಿದಿದೆ. ಬ್ಯಾಡಗಿಯ ಕಡೆ ಮಳೆ ಹೇಗೆ ಎಂದು ನಿಮ್ಮಪ್ಪನನ್ನು ಫೋನಿನಲ್ಲಿ ಕೇಳಿದರೆ ಅವರು ನಿನ್ನ ಕಾಲೇಜಿನ ಮಾತು ತೆಗೆದರು. ಬಿತ್ತಿಗೆಯ ದಿನಗಳಲ್ಲಿ ಮಳೆಯ ಸುದ್ದಿ ಮರೆತ ರೈತನನ್ನು ನಾನು ಕಂಡದ್ದು ಇದೇ ಮೊದಲು. ಅದಕ್ಕೇ ಈ ಕಾಗದ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಲ್ಲಿ ನೀನು ‘ಹೂಂ ಮಾಮಾ, ಹೂಂ ಮಾಮಾ’ ಎನ್ನುತ್ತೀ, ನಾನು ನಿನಗೆ ಒಪ್ಪಿಗೆಯಾಯಿತೆಂದು ತಿಳಿದು ಫೋನು ಇಡುತ್ತೇನೆ. ಕಾಗದವಾದರೆ ಬೇಸರ ಬಂದಾಗ ಮಡಚಿಟ್ಟು, ಸಿಟ್ಟು ಇಳಿದ ಮೇಲೆ ಮತ್ತೆ ತೆಗೆಯಬಹುದು.

ಹೋದ ತಿಂಗಳು ಬಂದಾಗ ಬೆಂಗಳೂರಿನ ಆ ಎಂಜಿನಿಯರಿಂಗ್ ಕಾಲೇಜಿನ ಬಣ್ಣದ ಪುಸ್ತಿಕೆ ತೋರಿಸಿದೆಯಲ್ಲ, ಅದನ್ನು ಇಲ್ಲಿಯೇ ಮರೆತು ಹೋಗಿದ್ದೀ. ದಿನಾ ಚಹಾ ಕುಡಿಯುವಾಗ ತಿರುವಿ ಹಾಕುತ್ತೇನೆ. ಮುಖಪುಟದಲ್ಲಿ ಈಜುಕೊಳವಿದೆ. ಒಳಗೆ ಹುಲ್ಲಿನ ಮೇಲೆ ಕುಳಿತು ನಗುವ ಹುಡುಗ ಹುಡುಗಿಯರಿದ್ದಾರೆ, ಒಬ್ಬರ ಕೈಯಲ್ಲೂ ಪುಸ್ತಕವಿಲ್ಲ. ‘ಇಷ್ಟು ದೂರ ಯಾಕೆ ಬೇಕೇ?’ ಎಂದು ನಿನ್ನ ಅತ್ತೆ ಕೇಳಿದ್ದಕ್ಕೆ ನೀನು, ‘ಬ್ಯಾಡಗಿಯಲ್ಲಿ ನಾನು ಯಾರ ಮಗಳೆಂದು ಎಲ್ಲರಿಗೂ ಗೊತ್ತು ಅತ್ತೆ, ಯಾರಿಗೂ ಗೊತ್ತಿಲ್ಲದ ಕಡೆ ಒಮ್ಮೆ ಇದ್ದು ನೋಡಬೇಕು’ ಎಂದೆ. ಅವಳು ನಕ್ಕಳು. ನನಗೆ ನಗು ಬರಲಿಲ್ಲ.

1979ರಲ್ಲಿ ಹೆಚ್ಚುಕಡಿಮೆ ಇದೇ ಮಾತನ್ನು ನಾನು ನಿನ್ನ ಅಜ್ಜನ ಮುಂದೆ ಆಡಿದ್ದೆ. ನನಗೆ ಪುಣೆಗೆ ಹೋಗಬೇಕಿತ್ತು. ಅಲ್ಲಿ ಏನು ಓದುತ್ತೇನೆಂಬುದು ನನಗೇ ಸರಿಯಾಗಿ ಗೊತ್ತಿರಲಿಲ್ಲ, ಹೋಗುವುದು ಮಾತ್ರ ಗೊತ್ತಿತ್ತು. ಅಜ್ಜ ಎಲೆಗೆ ಸುಣ್ಣ ಸವರುತ್ತ, ‘ಧಾರವಾಡದಲ್ಲಿ ಇಲ್ಲದ್ದು ಪುಣೆಯಲ್ಲಿ ಏನಿದೆ?’ ಎಂದು ಕೇಳಿದ. ನನ್ನ ಹತ್ತಿರ ಉತ್ತರವಿರಲಿಲ್ಲ. ಕರ್ನಾಟಕ ಕಾಲೇಜಿಗೆ ಸೇರಿದೆ. 1917ರಲ್ಲಿ ಶುರುವಾದ ಕಾಲೇಜು, ಒಳ್ಳೆಯ ಮೇಷ್ಟರುಗಳು, ಓದಿದ್ದರ ಬಗ್ಗೆ ನನಗೆ ಯಾವ ದೂರೂ ಇಲ್ಲ. ಆದರೂ ಆ ಹಳಹಳಿ ಹೋಗಲಿಲ್ಲ. ಬ್ಯಾಂಕಿನ ಕೆಲಸದ ಮೇಲೆ ರಾತ್ರಿ ಗಾಡಿಯಲ್ಲಿ ಪುಣೆಯ ಮೇಲಿಂದ ಎರಡು ಸಲ ಹೋಗಿದ್ದೇನೆ, ಪ್ಲಾಟ್‌ಫಾರ್ಮಿಗೂ ಇಳಿದಿಲ್ಲ. ಹೀಗಾಗಿ ಊರಲ್ಲೇ ಇರು ಎಂದು ನಿನಗೆ ಹೇಳುವ ಬಾಯಿ ನನ್ನದಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಿಮ್ಮ ಮನೆಗೆ ಬಂದವರೆಲ್ಲ ಇಷ್ಟೊತ್ತಿಗೆ ಹೇಳಿ ಮುಗಿಸಿರುತ್ತಾರೆ. ಹದಿನೆಂಟು ವರ್ಷದವರ ಕಾಲು ಇನ್ನೂ ಬೆಳೆಯುತ್ತಿರುತ್ತದೆ ಎಂಬುದು ಆ ಗಾದೆ ಕಟ್ಟಿದವನ ಗಮನಕ್ಕೆ ಬಂದಿರಲಿಕ್ಕಿಲ್ಲ.

ನನ್ನದು ಬ್ಯಾಂಕಿನವನ ಬುದ್ಧಿ. ಪದವಿಗೆ ಒಂದು ಖಾತೆ ತೆರೆ, ಊರು ಬಿಡುವ ಆಸೆಗೆ ಬೇರೆ ಖಾತೆ ತೆರೆ. ನೀನು ಎರಡನ್ನೂ ಒಂದೇ ಖಾತೆಗೆ ಖರ್ಚು ಹಾಕುತ್ತಿದ್ದೀ. ಬೆಂಗಳೂರು ನೋಡುವ ಆಸೆಗೆ ನಾಲ್ಕು ವರ್ಷದ ಕಾಲೇಜು ಫೀ ತೆರಲು ಹೊರಟಿದ್ದೀ.

ನಿಮ್ಮಪ್ಪ ‘ಕಡಿಮೆ ಬಿದ್ದದ್ದಕ್ಕೆ ಸಾಲ ತೆಗೆದರಾಯಿತು’ ಎಂದರು. ಹಾಗಾದರೆ ಪೆನ್ನು ತೆಗೆದುಕೊ. ವರ್ಷಕ್ಕೆ ಒಂದೂವರೆ ಲಕ್ಷದಂತೆ ನಾಲ್ಕು ವರ್ಷ ಶಿಕ್ಷಣ ಸಾಲ ಪಡೆದೆ ಎಂದಿಟ್ಟುಕೊ, ಒಟ್ಟು ಆರು ಲಕ್ಷ. ಓದು ಮುಗಿದು ಇನ್ನೊಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ, ಎಲ್ಲರಿಗೂ ಇದಿಷ್ಟೇ ಕಿವಿಗೆ ಬೀಳುತ್ತದೆ. ಬಡ್ಡಿ ಮಾತ್ರ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ನೂರಕ್ಕೆ ಹತ್ತರ ದರ ಹಿಡಿದರೆ ಮೊದಲ ವರ್ಷದ ಹಣಕ್ಕೆ ಐದು ವರ್ಷದ ಬಡ್ಡಿ 75,000. ಎರಡನೆಯದಕ್ಕೆ 60,000, ಆಮೇಲೆ 45,000, ಕೊನೆಯದಕ್ಕೆ 30,000. ಕೂಡಿಸು, 2,10,000 ಆಯಿತು. ನೀನು ಮೊದಲ ಕಂತು ಕಟ್ಟುವ ಹೊತ್ತಿಗೆ ಆರು ಲಕ್ಷದ ಸಾಲ 8,10,000 ಆಗಿರುತ್ತದೆ. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 10,700 ರೂಪಾಯಿ ಕಟ್ಟಬೇಕು. ಎಲ್ಲ ಮುಗಿಯುವಾಗ ಸುಮಾರು ಹನ್ನೆರಡು ಲಕ್ಷ ಎಂಬತ್ತನಾಲ್ಕು ಸಾವಿರ ಕೊಟ್ಟಿರುತ್ತೀ, ನಿನಗೆ ಮೂವತ್ತಮೂರು ತುಂಬಿರುತ್ತದೆ.

ಸಾಲ ಕೆಟ್ಟದ್ದೆಂದು ಹೇಳುತ್ತಿಲ್ಲ. ನಾನೇ ಎಷ್ಟೋ ಹುಡುಗರಿಗೆ ಮಂಜೂರು ಮಾಡಿಸಿದ್ದೇನೆ. ಮನೆಯ ವರಮಾನ ವರ್ಷಕ್ಕೆ ನಾಲ್ಕೂವರೆ ಲಕ್ಷದ ಒಳಗಿದ್ದು, ಮಾನ್ಯತೆ ಪಡೆದ ಕಾಲೇಜಿನಲ್ಲಿ ತಾಂತ್ರಿಕ ಶಿಕ್ಷಣ ಓದುವವರಿಗೆ ಆ ಐದು ವರ್ಷದ ಬಡ್ಡಿಯನ್ನು ಕೇಂದ್ರ ಸರಕಾರ ಭರಿಸುವ ಯೋಜನೆಯೂ ಇದೆ. ಅದು ಸಿಕ್ಕರೆ ಆ 2,10,000ದ ಭಾರ ನಿನ್ನ ಮೇಲೆ ಬೀಳುವುದಿಲ್ಲ. ಅರ್ಜಿ ಕೊಡುವ ದಿನವೇ ಇದನ್ನು ಮ್ಯಾನೇಜರರ ಬಾಯಿಂದ ಕೇಳಿ ತಿಳಿದುಕೊಳ್ಳಬೇಕು. ಅವರಾಗಿ ಹೇಳಲಿ ಎಂದು ಕಾಯಬಾರದು, ನಾನೂ ಗಡಿಬಿಡಿಯಲ್ಲಿ ಎಷ್ಟೋ ಜನರಿಗೆ ಹೇಳದೆ ಬಿಟ್ಟಿದ್ದೇನೆ.

ನಾನು ಮಂಜೂರು ಮಾಡಿಸಿದವರಲ್ಲಿ ಒಬ್ಬ ಹುಡುಗನಿದ್ದ. ಜಾಣ, ಮಾತು ಕಡಿಮೆ. ಓದು ಮುಗಿದ ಮೇಲೆ ಗಾಳಿಯ ವಿದ್ಯುತ್ತಿನ ಮೇಲೆ ಸಂಶೋಧನೆ ಮಾಡುವ ಕಡೆ ಅವನಿಗೆ ಕೆಲಸ ಸಿಕ್ಕಿತ್ತು. ಸಂಬಳ ಕಡಿಮೆ, ಊರೂರು ತಿರುಗಾಟ, ಅವನಿಗೆ ಬೇಕಾದದ್ದೂ ಅದೇ. ಕಂತಿನ ಲೆಕ್ಕ ಕೇಳಲು ನನ್ನ ಮೇಜಿಗೆ ಬಂದು ಕಾಗದದ ಮೇಲೆ ಕೂಡಿಸಿ ಕಳೆದು, ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡು ಎದ್ದುಹೋದ. ಹೆಚ್ಚು ಸಂಬಳದ ರಾತ್ರಿಪಾಳಿಯ ಕೆಲಸಕ್ಕೆ ಸೇರಿದನಂತೆ. ಹೊಸದನ್ನು ನೋಡಬೇಕೆಂದೇ ದೂರದ ಊರಿಗೆ ಓದಲು ಹೋದವನು, ಹೊಸದು ಎದುರಿಗೆ ಬಂದು ನಿಂತಾಗ ಬೇಡವೆನ್ನಬೇಕಾಯಿತು. ಅವನು ಕಾಗದ ಮಡಚಿದ ರೀತಿ ನನಗೆ ಇನ್ನೂ ಮರೆತಿಲ್ಲ.

ಇನ್ನೊಂದು ಮಾತು, ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಹೋದ ತಿಂಗಳು ಬಂದಾಗ ನಿಮ್ಮವ್ವನ ಕೈಯಲ್ಲಿ ಬಂಗಾರದ ಪಾಟ್ಲಿ ಬಳೆ ಇರಲಿಲ್ಲ. ‘ಪಾಲಿಶಿಗೆ ಕೊಟ್ಟಿದ್ದೇನೆ’ ಎಂದಳು. ಬಂಗಾರದ ಸಾಲದ ಮೇಜಿನ ಹಿಂದೆ ಏಳು ವರ್ಷ ಕುಳಿತವನಿಗೆ ಪಾಲಿಶಿಗೆ ಕೊಟ್ಟ ಬಂಗಾರದ ಕಥೆಗಳೆಲ್ಲ ಗೊತ್ತು. ಪಾಟ್ಲಿ ಇದ್ದ ಜಾಗದಲ್ಲಿ ತಿಳಿ ಬಣ್ಣದ ಪಟ್ಟಿಯೊಂದು ಉಳಿದಿತ್ತು, ಅದು ಕಾಣದಿರಲೆಂದು ಹಸಿರು ಗಾಜಿನ ಬಳೆಗಳನ್ನು ಮೇಲೆ ಸರಿಸಿ ಸರಿಸಿ ಮಾತಾಡುತ್ತಿದ್ದಳು. ಯಾವುದಕ್ಕೆ ಇಟ್ಟಳೆಂದು ನಾನು ಕೇಳಲಿಲ್ಲ, ನೀನೂ ಕೇಳಬೇಡ. ನಿನ್ನನ್ನು ಅಳಿಸಲು ಇದನ್ನು ಬರೆದಿಲ್ಲ. ‘ದುಡ್ಡಿನ ಚಿಂತೆ ನಮಗಿರಲಿ, ನೀನು ಓದು’ ಎಂದು ಮನೆಯವರು ಹೇಳಿದಾಗ ಅದನ್ನು ನಿಜವೆಂದು ನಂಬುವ ವಯಸ್ಸು ನಿನ್ನದಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಸರಕಾರಿ ಮುದ್ರೆ ಸಿಕ್ಕಿದೆ, ದರಕ್ಕೆ ಯಾವ ಮುದ್ರೆಯೂ ಸಿಕ್ಕಿಲ್ಲ. 2024ರ ಮಾರ್ಚಿನಲ್ಲಿ ದರ ಒಮ್ಮೆಲೇ ಬಿದ್ದು ಮಾರುಕಟ್ಟೆಯಲ್ಲಿ ಬೆಂಕಿ ಹೊತ್ತಿಕೊಂಡ ದಿನ ನೀನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿದ್ದೆ. ಕಾಲೇಜಿನವರು ಫೀ ಕೇಳುವಾಗ ಆ ವರ್ಷದ ಮೆಣಸಿನಕಾಯಿ ದರ ವಿಚಾರಿಸುವುದಿಲ್ಲ.

ಇನ್ನು ಕಾಲೇಜಿನ ಮಾತು. ಆ ಪುಸ್ತಿಕೆಯ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ‘ವಿಟಿಯು ಸಂಯೋಜಿತ’ ಎಂದಿದೆ, ಸ್ವಾಯತ್ತ ಎಂದಿಲ್ಲ. ಹಾಗೆಂದರೆ ಪಠ್ಯಕ್ರಮ, ಪ್ರಶ್ನೆಪತ್ರಿಕೆ, ಪದವಿ ಪತ್ರ ಎಲ್ಲವೂ ಬೆಳಗಾವಿಯ ಆ ತಾಂತ್ರಿಕ ವಿಶ್ವವಿದ್ಯಾಲಯದಿಂದಲೇ ಬರುತ್ತವೆ, ಹಾವೇರಿಯ ದೇವಗಿರಿಯಲ್ಲಿರುವ ಸರಕಾರಿ ಎಂಜಿನಿಯರಿಂಗ್ ಕಾಲೇಜಿಗೆ ಬರುವ ಹಾಗೆ. ಈಜುಕೊಳ ಮಾತ್ರ ಬೇರೆ, ಮತ್ತು ನಿನಗೆ ಈಜು ಬರುವುದಿಲ್ಲ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಾವು ಇವತ್ತಿಗೂ ಬಿವಿಬಿ ಎಂದೇ ಕರೆಯುವ ಕಾಲೇಜು 1947ರದ್ದು, ಈಗ ಅದೇ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. ಇಲ್ಲಿ ಧಾರವಾಡದಲ್ಲಿ ಎಸ್‌ಡಿಎಂ ಎಂಜಿನಿಯರಿಂಗ್ ಕಾಲೇಜು ಇದೆ. ಸಿಇಟಿಯಲ್ಲಿ ಸಿಗುವ ಸರಕಾರಿ ಕೋಟಾದ ಸೀಟಿಗೂ ಮ್ಯಾನೇಜ್‌ಮೆಂಟ್ ಸೀಟಿಗೂ ಒಂದೇ ಕಾಲೇಜಿನ ಒಂದೇ ಬೆಂಚಿನಲ್ಲಿ ಫೀಯ ಅಂತರ ಎಷ್ಟಿರುತ್ತದೆಂದು ನೀನೇ ಕೇಳಿ ನೋಡು, ಆಮೇಲೆ ಊರಿನ ಮಾತು.

ಸಿಇಟಿ ಸೀಟಿಗೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ಬರೆಯುವ ಆಪ್ಷನ್ ಎಂಟ್ರಿಯಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ‘ಹೇಗೂ ಸಿಗುವುದಿಲ್ಲ, ಇರಲಿ’ ಎಂದು ಕೈಗೆಟುಕದ ಕಾಲೇಜನ್ನು ಮೇಲೆ ಬರೆಯುತ್ತಾರೆ. ಅದು ಸಿಕ್ಕಿಬಿಟ್ಟರೆ ಕೆಳಗೆ ಬರೆದದ್ದು ನಿನ್ನ ಪಾಲಿಗೆ ಇಲ್ಲ. ಸಿಕ್ಕ ಸೀಟು ಹಿಡಿದುಕೊಂಡೇ ಮೇಲಿನದಕ್ಕೆ ಕಾಯುವ ‘ಚಾಯ್ಸ್ ಎರಡ’ನ್ನು ಒತ್ತಿ ಮುಂದಿನ ಸುತ್ತಿಗೆ ಕಾದರೂ ಅಷ್ಟೇ, ಮೇಲಿನದು ಬಂದರೆ ಹಿಡಿದುಕೊಂಡ ಸೀಟು ಹೋಗುತ್ತದೆ. ಆದ್ದರಿಂದ ಸಿಕ್ಕರೆ ಫೀ ಕಟ್ಟಲು ಸಾಧ್ಯವಿರುವುದನ್ನು ಮಾತ್ರ ಬರೆ. ಅಣಕು ಹಂಚಿಕೆ (ಮಾಕ್ ಅಲಾಟ್‌ಮೆಂಟ್) ಬಂದ ಮೇಲೆ ಕ್ರಮ ಬದಲಿಸಲು ಅವಕಾಶವಿರುತ್ತದೆ, ಗಾಬರಿ ಬೇಡ. ಒಂದರಿಂದ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮೀಸಲಾತಿಯನ್ನು ಅರ್ಜಿಯಲ್ಲಿ ಕೇಳಿದ್ದೀ ತಾನೆ?

ಸಹಾಯಧನಕ್ಕೆ ಎಸ್‌ಎಸ್‌ಪಿ, ಅಂದರೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ನೋಡಬೇಕು. ರೈತ ವಿದ್ಯಾನಿಧಿಯಿಂದ ಎಂಜಿನಿಯರಿಂಗ್ ಓದುವ ರೈತರ ಹೆಣ್ಣುಮಕ್ಕಳಿಗೆ ವರ್ಷಕ್ಕೆ 11,000 ನಿಗದಿಯಾಗಿತ್ತು, ಈಗಲೂ ಕೊಡುತ್ತಾರೆಯೇ ನೋಡು. ಹಿಂದುಳಿದ ವರ್ಗದವರ ಸರಕಾರಿ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿಯಿಂದ ಊಟ ವಸತಿಗೆ ಹತ್ತು ತಿಂಗಳ ನೆರವು. ಇವೆಲ್ಲ ತಪ್ಪುವುದು ಸಣ್ಣ ಕಾರಣಕ್ಕೆ. ನಿನ್ನ ಆಧಾರಿನಲ್ಲಿ ‘ಸಹನ’ ಎಂದಿದೆ, ಅಂಕಪಟ್ಟಿಯಲ್ಲಿ ‘ಸಹನಾ’. ಒಂದು ದೀರ್ಘಕ್ಕಾಗಿ ಹಣ ತಿಂಗಳುಗಟ್ಟಲೆ ನಿಂತದ್ದನ್ನು ನಾನು ನೋಡಿದ್ದೇನೆ. ಈ ವಾರವೇ ಸರಿಪಡಿಸಿಕೊ.

ಇಷ್ಟಾದ ಮೇಲೆ ಎರಡನೆಯ ಖಾತೆ, ಊರು ಬಿಡುವ ಆಸೆಯದು. ನೀನು ಹುಬ್ಬಳ್ಳಿಗೆ ಬರುವಾಗ ಹಾವೇರಿ ದಾಟಿದ ಮೇಲೆ ಕುಂದಗೋಳ ಸ್ಟೇಷನ್ ಬರುತ್ತದೆ, ಮೊಬೈಲಿನಿಂದ ತಲೆಯೆತ್ತಿ ನೋಡು. ಭೀಮಸೇನ ಜೋಶಿಯವರು ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕಿಕೊಂಡು ಗದುಗಿನ ಮನೆಬಿಟ್ಟು ಹೋದವರು. ಗ್ವಾಲಿಯರ್, ಕೋಲ್ಕತ್ತಾ, ಜಲಂಧರ್ ಎಲ್ಲ ಸುತ್ತಿ, ಕೊನೆಗೆ 1936ರಲ್ಲಿ ಈ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರಾದರು. ‘ನೋಡು, ಗುರು ಮನೆಯ ಹತ್ತಿರವೇ ಇದ್ದ’ ಎಂದು ಈ ಕಥೆಯನ್ನು ಮಕ್ಕಳ ಕಾಲು ಕಟ್ಟಲು ಹೇಳುವವರಿದ್ದಾರೆ. ನನಗೆ ಆ ಅರ್ಥ ಒಪ್ಪಿಗೆಯಿಲ್ಲ. ಜಲಂಧರಿನವರೆಗೆ ಹೋದ ಹುಡುಗನ ಕಿವಿಯೇ ಬೇರೆಯಾಗಿರುತ್ತದೆ. ಅದೇ ಗುರುಗಳ ಹತ್ತಿರ ಕಲಿಯಲು ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಬರುತ್ತಿದ್ದರು. ಒಬ್ಬರು ದೇಶ ಸುತ್ತಿ ಬಂದರು, ಇನ್ನೊಬ್ಬರು ದಿನದ ಗಾಡಿಯಲ್ಲಿ ಬಂದರು. ಇಬ್ಬರಲ್ಲಿ ಯಾರ ದಾರಿ ಸರಿ ಎಂದು ಹೇಳುವಷ್ಟು ಸಂಗೀತ ನನಗೆ ಗೊತ್ತಿಲ್ಲ.

ಆದರೆ ಭೀಮಸೇನರು ತಿರುಗಲು ಬ್ಯಾಂಕಿನ ಸಾಲ ತೆಗೆದಿರಲಿಲ್ಲ ಎಂಬುದು ಬ್ಯಾಂಕಿನವನ ಕಣ್ಣಿಗೆ ಬೀಳುತ್ತದೆ. ನೀನು ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಓದು, ಆದರೆ ನಮ್ಮ ಮನೆಯಲ್ಲಿ ಇರಬೇಡ. ನಿನ್ನ ಅತ್ತೆಗೆ ಇದು ಸಿಟ್ಟು ತರಿಸುತ್ತದೆ, ತರಿಸಲಿ. ನಮ್ಮಲ್ಲಿದ್ದರೆ ಇಲ್ಲಿಯೂ ನೀನು ಇಂಥವರ ಸೊಸೆ ಎಂದು ಓಣಿಗೆಲ್ಲ ಗೊತ್ತಾಗುತ್ತದೆ. ಹಾಸ್ಟೆಲಿನಲ್ಲಿರು. ಖಾನಾವಳಿಯಲ್ಲಿ ಉಂಡು ಅದರ ಸಾರಿಗೆ ಹೆಸರಿಡು. ನಮ್ಮ ಸಪ್ತಾಪುರಕ್ಕೆ ಸ್ಪರ್ಧಾ ಪರೀಕ್ಷೆಗೆ ಓದಲು ಬೀದರಿನಿಂದ ಚಾಮರಾಜನಗರದವರೆಗಿನ ಹುಡುಗರು ಬಂದು ಒಂದೊಂದು ಕೋಣೆಯಲ್ಲಿ ಮೂವರು ಇರುತ್ತಾರೆ, ಅವರ ಕನ್ನಡ ಕೇಳಿದರೇ ಅರ್ಧ ರಾಜ್ಯ ತಿರುಗಿದಂತೆ. ಊರಿಗೆ ಹೋಗಿ ಬರಲು ಸಾದಾ ಸರಕಾರಿ ಬಸ್ಸಿನಲ್ಲಿ ನೀನು ಟಿಕೆಟ್ ದುಡ್ಡು ಕೊಡಬೇಕಿಲ್ಲ. ಅದನ್ನು ಕೂಡಿಡು. ವರ್ಷಕ್ಕೊಮ್ಮೆ ದೂರದ ಊರಿಗೆ ಹೋಗಿ ಬರುವ ರೈಲಿನ ಖರ್ಚು ನನ್ನದು. ಎರಡು ಕರಾರು: ಅಲ್ಲಿ ಕನ್ನಡ ನಡೆಯಬಾರದು, ಮತ್ತು ಬಂದ ಮೇಲೆ ನನಗೆ ಕಾಗದ ಬರೆಯಬೇಕು. ಆಮೇಲೆ ಕೆಲಸಕ್ಕೆಂದು ಬೆಂಗಳೂರಿಗೋ ಇನ್ನೂ ಆಚೆಗೋ ಹೋಗು, ಆಗ ಫೀ ಕೊಡುವವರು ಕೆಲಸ ಕೊಟ್ಟವರು.

ಬರುವ ರವಿವಾರ ಬಾ. ಸೋಮವಾರ ಕಾಲೇಜುಗಳನ್ನು ನೋಡಲು ಇಬ್ಬರೂ ಹೋಗೋಣ. ಕಚೇರಿಯಲ್ಲಿ ನಾನು ಮಾತಾಡುತ್ತೇನೆ, ಕ್ಯಾಂಟೀನಿನಲ್ಲಿ ಮೂರನೆಯ ವರ್ಷದ ಹುಡುಗಿಯರ ಹತ್ತಿರ ನೀನು ಮಾತಾಡು. ನಿಜ ಸುದ್ದಿ ನಿನಗೇ ಸಿಗುತ್ತದೆ. ಫೀ ಅಲ್ಲದೆ ಇನ್ನೇನೇನು ಕಟ್ಟಿಸಿಕೊಳ್ಳುತ್ತಾರೆಂದು ಮರೆಯದೆ ಕೇಳು. ನಿಮ್ಮವ್ವನನ್ನೂ ಕರೆದುಕೊಂಡು ಬಾ. ಮೆಣಸಿನಕಾಯಿ ತರಬೇಡಿ, ಹೋದ ಸಲದ್ದೇ ಇನ್ನೂ ಅರ್ಧ ಚೀಲ ಇದೆ.

ಇಷ್ಟೆಲ್ಲ ಓದಿದ ಮೇಲೂ ಬೆಂಗಳೂರೇ ಎಂದರೆ ಪುಸ್ತಿಕೆ ಇಲ್ಲಿ ಕಪಾಟಿನ ಮೇಲಿದೆ, ಹಿಂದಿರುಗಿಸುತ್ತೇನೆ. ಇಲ್ಲವಾದರೆ ದೀಪಾವಳಿಯ ರಜೆಗೆ ಮೊದಲ ಪ್ರಯಾಣ ಪುಣೆಗೆ ಇಟ್ಟುಕೊ. ಅದೊಂದಕ್ಕೆ ಮಾತ್ರ ನಾನೂ ಬರುತ್ತೇನೆ. ನಿನ್ನ ಅಜ್ಜ ಕೇಳಿದ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ.

ಇತಿ,
ನಿನ್ನ ಮಾಮ