ಒಂಬತ್ತು ತಿಂಗಳ ಮೇಲೆ ನಾಲ್ಕು ಪಾಯಿಂಟ್

ನಿನ್ನೆ ಸಂಜೆ ಮತ್ತೆ ಬಾಸ್ಕೆಟ್‌ಬಾಲ್ ಆಡಿದೆ. ನಮ್ಮ ಕಲಬುರಗಿಯ ಅದೇ ಹಳೇ ಸಿಮೆಂಟ್ ಕೋರ್ಟು, ಅದೇ ಹುಡುಗರು. ಆಡಿದ್ದು ಹನ್ನೆರಡು ನಿಮಿಷ, ಹಾಕಿದ್ದು ನಾಲ್ಕು ಪಾಯಿಂಟ್. ಇಷ್ಟಕ್ಕೇ ಇಷ್ಟುದ್ದ ಬರೀಬೇಕಾ ಅನ್ನಬೇಡಿ. ತೀರಿಸಬೇಕಾದ ಋಣ ಜಾಸ್ತಿ ಇದೆ.

ಮಾರ್ಚ್‌ನಲ್ಲಿ ರೀಬೌಂಡಿಗೆ, ಅಂದರೆ ರಿಂಗಿಗೆ ಬಡಿದು ವಾಪಸ್ ಬಂದ ಚೆಂಡಿಗೆ, ಹಾರಲು ಹೋದಾಗ ಎಡಗಾಲ ಹಿಮ್ಮಡಿಯ ಹಿಂದೆ ಟಪ್ ಅಂತು. ಯಾವನೋ ಒದ್ದ ಅಂದುಕೊಂಡು ಬೈಯಲು ತಿರುಗಿದೆ. ಹಿಂದೆ ಯಾರೂ ಇರಲಿಲ್ಲ. ಅಮೇರಿಕಾದ ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್‌ಗೆ ಆದದ್ದೇ ಇದು ಅಂತ ಆಗಲೇ ಗೊತ್ತಾಯಿತು.

2013ರ ಏಪ್ರಿಲ್ 12. ಕೋಬಿಯ ತಂಡ ಲೇಕರ್ಸ್‌ಗೂ ವಾರಿಯರ್ಸ್‌ಗೂ ಆಟ, ಮುಗಿಯಲು ಮೂರು ನಿಮಿಷ ಚಿಲ್ಲರೆ ಬಾಕಿ. ಕೋಬಿಯ ಎಡಗಾಲಿನ ಅಕಿಲಿಸ್ ಟೆಂಡನ್ ಹರಿಯಿತು. ಮೀನಖಂಡವನ್ನು ಹಿಮ್ಮಡಿಗೆ ಬಿಗಿದಿಟ್ಟ ಹಗ್ಗ ಅದು. ಆಗ ಅವನಿಗೆ 34 ವರ್ಷ. ಕುಂಟುತ್ತಲೇ ಗೆರೆಗೆ ಬಂದು, ಯಾರೂ ಅಡ್ಡ ಬರದ ಎರಡು ಫ್ರೀ ಥ್ರೋ ಎಸೆದ. ಎರಡೂ ಒಳಗೆ, ಸ್ಕೋರ್ ಸಮ. ಆಮೇಲೆ ತಾನೇ ನಡೆದು ಹೊರಗೆ ಹೋದ. ಆ ವಿಡಿಯೋ ನೋಡಿದ ಹುಮ್ಮಸ್ಸಿನಲ್ಲಿ ನಾನೂ ಗೆರೆಗೆ ಹೋಗಿ ಎರಡು ಎಸೆದೆ. ಒಂದೂ ರಿಂಗಿಗೆ ಸಹ ತಾಗಲಿಲ್ಲ. ದಯವಿಟ್ಟು ಯಾರೂ ಹೀಗೆ ಮಾಡಬೇಡಿ.

ಮೊದಲು ತೋರಿಸಿದ ಕಡೆ ಉಳುಕು ಅಂತ ಮುಲಾಮು ಕೊಟ್ಟರು, ನಾಲ್ಕು ದಿನ ಹಾಳಾಯಿತು. ಆಮೇಲೆ ಆಪರೇಷನ್, ಪ್ಲಾಸ್ಟರ್. ನಮ್ಮೂರಿನ ಏಪ್ರಿಲ್ ಬಿಸಿಲು ಗೊತ್ತಲ್ಲ, ಪ್ಲಾಸ್ಟರಿನೊಳಗೆ ಇರುವೆ ಹರಿದಾಡಿದ ಹಾಗೆ ತುರಿಕೆ. ಕರೆಂಟ್ ಹೋದಾಗಲೆಲ್ಲ ರಟ್ಟು ಹಿಡಿದು ಬೀಸಿದ ಮನೆಯಾಕೆಗೆ ಮೊದಲ ನಮಸ್ಕಾರ. ವಾರಕ್ಕೆರಡು ಸಲ ಕರೆದುಕೊಂಡು ಹೋಗಿ ಬಂದ ಆಟೋ ಚಾಚಾಗೆ ಎರಡನೆಯದು. ದುಡ್ಡು ಕೊಡಲು ಹೋದರೆ, "ರೊಕ್ಕ ಆಮ್ಯಾಲ ನೋಡೋಣು, ಮೊದ್ಲ ಕಾಲ ಎತ್ತಿ ಮ್ಯಾಲಿಡ್ರಿ ಸರ್" ಅನ್ನುತ್ತಿದ್ದರು.

ಫಿಸಿಯೋ ಡಾಕ್ಟರ್‌ಗೆ ಹೇಳಬೇಕಾದದ್ದು ಬೇರೆಯೇ ಇದೆ. ಆರನೇ ತಿಂಗಳಿಗೇ ಆಡ್ತೀನಿ ಅಂತ ಅವರ ಹತ್ತಿರ ಜಗಳ ತೆಗೆದೆ. ಕೋಬಿ 240 ದಿನಕ್ಕೆ ವಾಪಸ್ ಬಂದ ಅಂದೆ. ಅವರು ನಕ್ಕರು. "ಬಂದು ಎಷ್ಟು ಮ್ಯಾಚ್ ಆಡಿದ್ರು ಹೇಳ್ರಿ?" ನಾನು ಸುಮ್ಮನಾದೆ. ಆರೇ ಆರು. ಮೊಣಕಾಲ ಮೂಳೆ ಮುರಿದು ಆ ಸೀಸನ್ ಅಲ್ಲಿಗೇ ಮುಗಿಯಿತು. ಅವ್ವನೂ ಅಷ್ಟೇ, "ಆ ಅಮೇರಿಕಾದಾಂವ ಏನರ ಮಾಡ್ಲಿ, ನೀ ಸುಮ್ನ ಕುಂದ್ರು" ಅಂದಳು. ಕೂತೆ.

ಬಾಗಿಲ ಮುಂದಿನ ಶಹಾಬಾದ್ ಕಲ್ಲಿನ ಮೆಟ್ಟಿಲ ಅಂಚಿಗೆ ಬೆರಳೂರಿ ನಿಂತು ಹಿಮ್ಮಡಿ ಎತ್ತಬೇಕು, ಇಳಿಸಬೇಕು. ದಿನಾ ಅದೇ. ಎಣಿಸುತ್ತಿದ್ದವಳು ಮಗಳು. ಅರ್ಧ ಎತ್ತಿದರೆ ಲೆಕ್ಕಕ್ಕಿಲ್ಲ. ಒಂದಿನ ಗೋಡೆಯ ಮೇಲಿನ ಕೋಬಿಯ ಫೋಟೋ ನೋಡಿ, ಪಕ್ಕದ ಹುಡುಗಿ ಯಾರು ಅಂದಳು. ಮಗಳು ಜಿಯಾನಾ, ಅವಳ ತಂಡಕ್ಕೆ ಅಪ್ಪನೇ ಕೋಚ್ ಅಂದೆ. 2020ರ ಜನವರಿ 26ರಂದು ಹೆಲಿಕಾಪ್ಟರ್ ಬಿದ್ದು ಅಪ್ಪ, ಮಗಳು ಇಬ್ಬರೂ ತೀರಿಕೊಂಡಾಗ ಅವಳಿಗೆ 13, ಆಟಕ್ಕೇ ಹೊರಟಿದ್ದರು. ಮಗಳು ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ, "ಹನ್ನೊಂದು ಆಗಿತ್ತು, ಎತ್ರಿ ಅಪ್ಪಾ" ಅಂದಳು.

ವಾಪಸ್ ಬಂದ ಮೊದಲ ಆಟದಲ್ಲಿ ಕೋಬಿ ಹಾಕಿದ್ದು ಬರೀ 9 ಪಾಯಿಂಟ್, ತಂಡವೂ ಸೋತಿತು. ಎದುರಿಗಿದ್ದದ್ದು ಟೊರಾಂಟೊ. 2006ರಲ್ಲಿ ಒಂದೇ ಆಟದಲ್ಲಿ 81 ಹಾಕಿದ್ದು ಇದೇ ತಂಡದ ಮೇಲೆ! ಐದು ಸಲ ಚಾಂಪಿಯನ್ ಆದವನ ಆಟಗಳಲ್ಲಿ ನನಗೆ ಈಗ ಜಾಸ್ತಿ ಹಿಡಿಸುವುದು ಆ ಒಂಬತ್ತೇ. ನನ್ನವು ನಾಲ್ಕು ಅಂದಾಗ ಮಗಳು, "ಇನ್ನೂ ಐದು ಬಾಕಿ" ಅಂದಳು.

ಕೋರ್ಟಿನಿಂದ ಎತ್ತಿಕೊಂಡು ಹೋದ ಹುಡುಗರೇ, ಚಾಚಾ, ಡಾಕ್ಟರ್ ಸಾಹೇಬರೇ, ಭಾನುವಾರ ಮಧ್ಯಾಹ್ನ ಎಲ್ಲರೂ ಮನೆಗೆ ಬನ್ನಿ. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಅವ್ವ ರೊಟ್ಟಿ ಎಣಿಸುವುದಿಲ್ಲ.