ವೀಕ್ಷಣಾಲಯಕ್ಕೆ ಹೊಸದಾಗಿ ಬರುವ ಆಪ್ತ ಸಮಾಲೋಚಕರಿಗೆ

ಎಲ್ಲರಿಗೂ ನಮಸ್ಕಾರ. ಸೋಮವಾರದಿಂದ ಬಾಲಕರ ವೀಕ್ಷಣಾಲಯಕ್ಕೆ, ಅಂದರೆ ಅಪರಾಧದ ಆರೋಪ ಇರುವ ಹುಡುಗರನ್ನು ವಿಚಾರಣೆ ಮುಗಿಯುವವರೆಗೆ ಇಡುವ ಮನೆಗೆ, ಬರುವವರು ಇದನ್ನು ಪೂರ್ತಿ ಓದಿ.

ಮಕ್ಕಳ ಹೆಸರು, ಊರು, ಶಾಲೆ, ಫೋಟೋ ಈ ಗುಂಪಿಗೆ ಬೇಡವೇ ಬೇಡ. ನಿನ್ನೆ ಬಂದ ಒಂದು ಫೋಟೋವನ್ನು ಅಳಿಸಿದ್ದೇನೆ. ಹುಡುಗ ಬಿಡಿಸಿದ ಚಿತ್ರ ಚೆನ್ನಾಗಿತ್ತು, ನಿಜ. ಆದರೆ ಮೂಲೆಯಲ್ಲಿ ಅವನ ಹೆಸರಿತ್ತು. 2015ರ ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಗುರುತು ಬಯಲು ಮಾಡಿದರೆ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನನಗೆ ಅದಕ್ಕಿಂತ ಜಾಸ್ತಿ ಚಿಂತೆ ಆ ಹುಡುಗನದ್ದು. ನಾಳೆ ಅವನು ಮತ್ತೆ ಶಾಲೆಗೆ ಸೇರಬೇಕು ಅಲ್ವಾ?

ಕೂತ ತಕ್ಷಣ "ಏನು ಮಾಡಿದೆ?" ಎಂದು ಕೇಳಬೇಡಿ. ಪೊಲೀಸರಿಂದ ಹಿಡಿದು ಎಲ್ಲರೂ ಅದನ್ನೇ ಕೇಳಿರುತ್ತಾರೆ. ಒಬ್ಬ ಹುಡುಗ ಮೂರು ವಾರ ನನ್ನ ಜೊತೆ ಸುಮ್ನೆ ಕೇರಂ ಆಡಿದ. ಒಂದು ಮಾತಿಲ್ಲ. ನಾಲ್ಕನೇ ವಾರ ಕಾಯಿಗಳನ್ನು ಜೋಡಿಸುತ್ತಾ, ತಲೆ ಎತ್ತದೆ, ಮಕ್ಕಳ ಪ್ರಕರಣ ವಿಚಾರಿಸುವ ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುವ ದಿನದ ಬಗ್ಗೆ ಕೇಳಿದ: "ಮಂಡಳಿ ದಿನ ಅಮ್ಮ ಬರ್ತಾಳಾ ಅಕ್ಕಾ?" ಅಲ್ಲಿಂದ ಅವನ ಮಾತು ಶುರುವಾಯಿತು.

"ಬರ್ತಾರೆ", "ಜಾಮೀನು ಸಿಗುತ್ತೆ" ಎಂದು ಮಾತ್ರ ಭರವಸೆ ಕೊಡಬೇಡಿ. ಜಾಮೀನು ಬಾಲ ನ್ಯಾಯ ಮಂಡಳಿಯ ತೀರ್ಮಾನ. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಮನೆಯವರ ವಿಷಯ ಪರಿವೀಕ್ಷಣಾಧಿಕಾರಿಯನ್ನು (ಹುಡುಗನ ಮನೆ, ಹಿನ್ನೆಲೆ ವಿಚಾರಿಸಿ ಮಂಡಳಿಗೆ ವರದಿ ಕೊಡುವವರು) ಕೇಳಿ, ತಿಳಿದಷ್ಟನ್ನೇ ಹುಡುಗನಿಗೆ ಹೇಳಿ.

ಹೇಳಿದ ದಿನ ತಪ್ಪಿಸಬೇಡಿ. ಬರಲಾಗದಿದ್ದರೆ ಹಿಂದಿನ ದಿನವೇ ನನಗೆ ತಿಳಿಸಿ, ಹುಡುಗರು ಬಾಗಿಲು ನೋಡುತ್ತಾ ಕೂತಿರುತ್ತಾರೆ.